ದಕ್ಷಿಣಕ್ಕೆ ತಿರುಗದ ಪ್ಲೇಟು

ಸವಡಿ,
ಎಳ್ಳ ಅಮಾವಾಸ್ಯೆ ಕಳೆದ ವಾರ, ೨೦೦೯

ಪ್ರೀತಿಯ ಗೌತಮಿ,

ಇಲ್ಲಿ ನಾವೆಲ್ಲ ಕ್ಷೇಮ ಎಂದು ಬರೆದೆ. ಅದರ ಮುಂದೆ ನಿನ್ನ ಕ್ಷೇಮ ಕೇಳುವ ಸಾಲು ಬರಬೇಕು. ನಮಗೆ ಪತ್ರ ಬರೆಯಲು ಕಲಿಸಿದ ಮಾಸ್ತರರು, ಸತ್ತವರಿಗೆ ಆ ಸಾಲನ್ನು ಹೇಗೆ ಬರೆಯಬೇಕೆಂದು ಹೇಳಿಕೊಡಲಿಲ್ಲ. ಅದಕ್ಕೇ ಅಷ್ಟು ಜಾಗ ಖಾಲಿ ಬಿಟ್ಟು ಮುಂದೆ ಹೋಗುತ್ತೇನೆ. ನೀನೇ ತುಂಬಿಕೋ.

ನಿಮ್ಮ ಮಾಳಿಗೆಯ ಮೇಲೆ, ನೀನು ಕೂರಿಸಿದ ಸೋಲಾರ ಪ್ಲೇಟಿನ ಪಕ್ಕದಲ್ಲಿ ಕುಳಿತು ಬರೆಯುತ್ತಿದ್ದೇನೆ. ಮುಂಜಾನೆಯ ಎಳೆಬಿಸಿಲು. ಕೆಳಗೆ ನಿಮ್ಮವ್ವ, ಉಡಚವ್ವ ಚಿಗವ್ವ, ರೊಟ್ಟಿ ಬಡಿಯುತ್ತಿದ್ದಾಳೆ. ಆ ಸದ್ದು ಬೆಳಕಿಂಡಿಯಿಂದ ಮೇಲೆ ಬರುತ್ತಿದೆ. ನಿನ್ನೆ ನಾವು ಇಲ್ಲಿ ಒಂದು ಕೆಲಸ ಮಾಡಿದೆವು. ಅದನ್ನು ನಿನಗೆ ಹೇಳದೆ ನಾನು ಗಜೇಂದ್ರಗಡದ ಬಸ್ಸು ಹತ್ತಲಾರೆ. ಆದರೆ ಕತೆಯ ಕೊನೆಯನ್ನು ಮೊದಲೇ ಕೇಳಿದವರ ಕಿವಿಯನ್ನು ನಮ್ಮ ಲಾಲಬಿ ಅಜ್ಜಿ ಹಿಂಡುತ್ತಿದ್ದಳಲ್ಲ, ನಿನ್ನ ಕಿವಿಯನ್ನೂ ಬಿಟ್ಟಿರಲಿಲ್ಲ. ಹಾಗಾಗಿ ಮೊದಲಿನಿಂದಲೇ ಹೇಳುತ್ತೇನೆ, ಕೇಳು.

ರೋಣದ ಬಸ್ ಸ್ಟ್ಯಾಂಡಿನ ಹಿಂದಿನ ಅಂದಾನೆಪ್ಪನ ಇಂಟರ್ನೆಟ್ ಅಂಗಡಿಯನ್ನು ನೀನು ಮರೆತಿರಲಿಕ್ಕಿಲ್ಲ. ದಿನಾ ಮುಂಜಾನೆ ಕಂಪ್ಯೂಟರುಗಳಿಗೆ ವಿಭೂತಿ ಹಚ್ಚಿ ಊದಿನಕಡ್ಡಿ ಬೆಳಗುತ್ತಿದ್ದ ಪುಣ್ಯಾತ್ಮ. “ಚಪ್ಪಲ್ ಹೊರಗ ಬಿಡ್ರಿ ಯವ್ವಾ, ಧೂಳ ಬಂದ್ರ ಮಷಿನ್ನಿಗೆ ನೆಗಡಿ ಆಗ್ತೈತಿ,” ಎನ್ನುತ್ತಿದ್ದ. ನೀನು ನನ್ನ ಕಿವಿಯಲ್ಲಿ, “ಕರೆಂಟ್ ಹೋದ್ರ ಕಣ್ಣ ಮುಚ್ಚೂ ದೇವರಿಗೆ ಎಷ್ಟ ಮಡಿ ನೋಡಲೇ ನಾಜೂ,” ಎಂದು ಪಿಸುಗುಟ್ಟಿ ನನ್ನನ್ನು ನಗಿಸಿದ್ದೆ. ಬೈಸಿಕೊಂಡವಳು ಮಾತ್ರ ನಾನು.

ಪಿಯುಸಿ ರಿಸಲ್ಟು ನೋಡಲು ಹೋದ ದಿನವೇ ನಿನಗೆ ಆ ಪಾಠಗಳು ಕಂಡವು. ಬಿಸಿಲಿನಿಂದ ಕರೆಂಟು ಮಾಡುವುದು ಹೇಗೆ ಎಂದು ಮೊದಲಿನಿಂದ ಕಲಿಸುವ ಪಾಠಗಳು. ಯಾರು ಬೇಕಾದರೂ ಹೆಸರು ಹಚ್ಚಿ ಕಲಿಯಬಹುದು. ನಾನು ನಿನ್ನ ಮಾರ್ಕ್ಸು ನೋಡು ಅಂದರೆ ನೀನು ಆ ಚಿತ್ರಗಳಿಂದ ಕಣ್ಣು ತೆಗೆಯಲಿಲ್ಲ. ನಿನ್ನ ಕಣ್ಣ ಮುಂದೆ ಇದ್ದದ್ದು ನಿಮ್ಮವ್ವನ ಕಣ್ಣು ಎಂದು ನನಗೆ ಆಮೇಲೆ ಗೊತ್ತಾಯಿತು. ಹಗಲೆಲ್ಲ ಹೊಲದಲ್ಲಿ ಕಸ ತೆಗೆದು ಬಂದು, ಸಂಜೆ ಕರೆಂಟು ಹೋದ ಮೇಲೆ ಚಿಮಣಿಯ ಬೆಳಕಿನಲ್ಲಿ ಊರವರ ಹಳೆಯ ಸೀರೆಗಳನ್ನು ಕೂಡಿಸಿ ಕೌದಿ ಹೊಲಿಯುತ್ತಿದ್ದಳು ಚಿಗವ್ವ. ಸೂಜಿಗೆ ದಾರ ಪೋಣಿಸಲು ನಿನ್ನನ್ನು ಕೂಗುವಳು. ಕಣ್ಣಿನಿಂದ ಸುರಿಯುವ ನೀರನ್ನು ಹೊಗೆಯ ಮೇಲೆ ಹಾಕುವಳು.

ಸಂತೆಯ ದಿನ ನಾವಿಬ್ಬರೂ ಟಂಟಂ ಹತ್ತಿ ರೋಣಕ್ಕೆ ಹೋಗಿ, ಅಂದಾನೆಪ್ಪನ ಮೂಲೆಯ ಮಷಿನ್ನಿನ ಮುಂದೆ ಒಂದೇ ಕುರ್ಚಿಯಲ್ಲಿ ಅರ್ಧರ್ಧ ಕೂರುತ್ತಿದ್ದೆವು. ಚಿತ್ರ ಮೇಲಿನಿಂದ ಕೆಳಕ್ಕೆ ಮೆಲ್ಲಗೆ ಇಳಿದು ಬರುವಷ್ಟರಲ್ಲಿ ಒಂದು ಚೀಲ ಶೇಂಗಾ ಮುಗಿಯುತ್ತಿತ್ತು. ಪಾಠ ಇಂಗ್ಲಿಷಿನಲ್ಲಿ; ತೊಡೆಯ ಮೇಲೆ ಡಿಕ್ಷನರಿ. ಕೊನೆಗೆ ಪ್ರಶ್ನೆಗಳು. ಸರಿಯಾಗಿ ಉತ್ತರಿಸಿದರೆ ಮುಂದಿನ ಪಾಠದ ಬಾಗಿಲು ತೆರೆಯುತ್ತಿತ್ತು, ಇಲ್ಲದಿದ್ದರೆ ಇಲ್ಲ. ಎಷ್ಟೋ ಸಲ ಬಾಗಿಲು ತೆರೆಯುವ ಹೊತ್ತಿಗೇ ಕರೆಂಟು ಹೋಗಿ, ಬಿಸಿಲಿನ ಕರೆಂಟಿನ ಪಾಠ ಕತ್ತಲೆಯಲ್ಲಿ ಮುಳುಗಿದೆ.

ಅಲ್ಲಿ ಓದಿದ್ದನ್ನು ನೀನು ನೆಲದ ಮೇಲೆ ಚಿತ್ರ ಗೀಚಿ ಓಣಿಯ ಹೆಂಗಸರಿಗೆ ಹೇಳುತ್ತಿದ್ದ ರೀತಿಯೇ ಬೇರೆ. “ಬ್ಯಾಟರಿ ಅಂದ್ರ ಕಾಳ ತುಂಬೂ ಹಗೇವು ಇದ್ದಂಗ. ಹಗಲ ತುಂಬೂದು, ಕತ್ತಲಾದ ಮ್ಯಾಲ ತಗಿಯೂದು. ನಡಕಿನ ಈ ಡಬ್ಬಿ ಐತೆಲ್ಲ, ಇದು ಅತ್ತಿ. ಹಗೇವಿನ ಕೀಲಿ ಇದರ ಸೊಂಟದಾಗ. ಹೆಚ್ಚ ತುಂಬಾಕೂ ಬಿಡಂಗಿಲ್ಲ, ತಳಾ ಬಳ್ಯಾಕೂ ಬಿಡಂಗಿಲ್ಲ. ಕಾಳ ತಳಾ ಕಾಣ್ತಂದ್ರ ಟಕ್ ಅಂತ ಬಾಗಲಾ ಹಾಕ್ತೈತಿ.” ಪಕ್ಕದ ಮನೆಯ ಶೇಖವ್ವ ತನ್ನ ಅತ್ತೆಯತ್ತ ಓರೆಗಣ್ಣಿನಿಂದ ನೋಡಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಿದ್ದಳು.

ಪಾಠಗಳು ಇನ್ನೂ ಅರ್ಧದಲ್ಲಿರುವಾಗ ನನ್ನ ನಿಕಾಹ್ ಆಯಿತು. ಗಜೇಂದ್ರಗಡದ ಮಗ್ಗದ ಮನೆಗೆ ಹೋದೆ. ಬೀಳ್ಕೊಡುವಾಗ ನೀನು ಅಳಲಿಲ್ಲ, ಪಂದ್ಯ ಕಟ್ಟಿದೆ. “ನಿನ್ನ ಗಂಡನ ಊರ ಗುಡ್ಡದ ಮ್ಯಾಲ ಗಾಳಿ ಫ್ಯಾನ ತಿರಗ್ತಾವು. ನಮ್ಮ ಮನಿ ಮ್ಯಾಲ ಬರೇ ಬಿಸಲ. ಯಾರ ಮನ್ಯಾಗ ಮೊದಲ ಲೈಟ ಹತ್ತತೈತಿ ನೋಡೂನು,” ಅಂದೆ. ಆ ಫ್ಯಾನುಗಳ ಕರೆಂಟು ತಂತಿ ಹಿಡಿದು ಎಲ್ಲಿಗೋ ಹೋಗುತ್ತದೆ ಗೌತಮಿ. ಅವುಗಳ ಬುಡದಲ್ಲಿದ್ದ ನಮ್ಮ ಮನೆಯಲ್ಲಿ ಕತ್ತಲೆಯೇ ಇತ್ತು. ಪಂದ್ಯ ನೀನೇ ಗೆದ್ದೆ.

ಬೇಸಿಗೆಯಲ್ಲಿ ತವರಿಗೆ ಬಂದಾಗ ನೋಡಿದೆ. ಓಣಿಯೆಲ್ಲ ಕಪ್ಪಗಿರುವಾಗ ನಿಮ್ಮ ಮನೆಯ ಬಾಗಿಲಿನಿಂದ ಹಾಲು ಚೆಲ್ಲಿದ ಹಾಗೆ ಬೆಳಕು. ಪ್ಲೇಟಿನ ಕಬ್ಬಿಣದ ಸ್ಟ್ಯಾಂಡು ಮಾಡಿಕೊಟ್ಟವರು ನಮ್ಮ ಅಬ್ಬಾ ಉಸ್ಮಾನಸಾಬರು. ತಗಡಿನ ಡಬ್ಬ ಬೆಸೆಯುವ ಕೈಯಿಂದ ಸೂರ್ಯನಿಗೆ ಕುರ್ಚಿ ಮಾಡಿದೆ ಎಂದು ಅವರು ಮಸೀದಿಯ ಕಟ್ಟೆಯ ಮೇಲೆ ಹೇಳಿಕೊಂಡು ತಿರುಗುತ್ತಿದ್ದರು. ಚಿಗವ್ವ ಬೆಳಕಿನ ನಡುವೆ ಕಾಲು ಚಾಚಿ ಕೌದಿ ಹೊಲಿಯುತ್ತಿದ್ದಳು. ದಾರ ತಾನೇ ಪೋಣಿಸಿಕೊಳ್ಳುತ್ತಿದ್ದಳು. ಅವಳು ತಾನಾಗಿ ನಿಲ್ಲಿಸುವವಳಲ್ಲ. ಕೊನೆಗೆ ನೀನೇ ಎದ್ದು, “ಸಾಕ ಬೇ ಯವ್ವಾ, ಕಣ್ಣ ಹೋದಾವು. ಮಲ್ಕೋ,” ಎಂದು ಸ್ವಿಚ್ಚು ಒತ್ತುತ್ತಿದ್ದೆ. ಟಕ್.

ಆ ಟಕ್ ಅನ್ನುವ ಸದ್ದನ್ನು ನೆನಪಿಡು. ಕತೆ ಇರುವುದು ಅದರಲ್ಲಿ.

ಮಳೆಗಾಲದ ಕೊನೆಗೆ ಎಂದೂ ಕಾಣದಂಥ ಮಳೆ ಬಂತು. ಮಣ್ಣಿನ ಗೋಡೆಗಳು ನೆನೆದು ಕುಸಿದವು. ನಿಮ್ಮ ಮನೆ ನಿಂತಿತು. ಅದರ ಹಿಂದೆಯೇ ಜ್ವರ ಬಂತು. ಓಣಿಯಲ್ಲಿ ಎಷ್ಟೋ ಮಂದಿಗೆ ಬಂದು ಹೋಯಿತು. ನಿನ್ನನ್ನು ಮಾತ್ರ ಬಿಡಲಿಲ್ಲ. ಗದಗಿನ ದವಾಖಾನೆಗೆ ಜೀಪಿನಲ್ಲಿ ಹೋದವಳು ಕೌದಿಯಲ್ಲಿ ಸುತ್ತಿಕೊಂಡು ಬಂದೆ. ಇದರ ಬಗ್ಗೆ ಇನ್ನು ಹೆಚ್ಚು ಬರೆಯುವುದಿಲ್ಲ. ನಿನಗೇ ಗೊತ್ತು.

ದೀಪಾವಳಿ ಕಳೆದ ಮೇಲೆ ನಾನು ಚಿಗವ್ವನ ಜೊತೆಗಿರಲು ಬಂದೆ. ಸಂಜೆ ಲೈಟು ಹಚ್ಚಿದಳು. ಕೌದಿ ಮೂಲೆಯಲ್ಲಿ ಮಡಚಿ ಬಿದ್ದಿತ್ತು. ಸೂಜಿ ಅದರಲ್ಲೇ ಚುಚ್ಚಿ ತುಕ್ಕು ಹಿಡಿದಿತ್ತು. ಎರಡು ತಾಟು ಬಡಿಸಿ ಗೋಡೆಗೆ ಒರಗಿ ಕುಳಿತಳು. ಉಣ್ಣು ಅಂದರೆ, “ತಡೀ, ಬರ್ಲಿ,” ಅಂದಳು. ಯಾರು ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, ಯಾರೂ ಮುಟ್ಟದೆ, ಟಕ್. ಕತ್ತಲೆ. ಗೋಡೆಯ ಮೇಲಿನ ಡಬ್ಬಿಯಲ್ಲಿ ಒಂದು ಕೆಂಪು ಚುಕ್ಕೆ ಮಾತ್ರ ಉಳಿಯಿತು. ನಿನ್ನ ಎತ್ತರಕ್ಕೆ, ನಿನ್ನ ಹಣೆಯಿರುವ ಎತ್ತರಕ್ಕೆ. ಕುಂಕುಮದಷ್ಟೇ ಅಗಲ.

“ಬಂದ್ಲು ನೋಡು,” ಅಂದಳು ಚಿಗವ್ವ. ಆ ದನಿಯಲ್ಲಿ ಅಳು ಇರಲಿಲ್ಲ. “ಇವತ್ತ ನಿನ್ನೆಕಿಂತ ಲಗೂ ಬಂದಾಳ. ಗೆಳತಿ ಬಂದಾಳಂತ ಗೊತ್ತಾಗೇತಿ ಅಕಿಗೆ.” ಆಮೇಲೆ ಕತ್ತಲೆಯಲ್ಲೇ ಉಂಡಳು. ತುತ್ತಿನ ನಡುನಡುವೆ ಆ ಚುಕ್ಕೆಯ ಜೊತೆ ಮಾತಾಡಿದಳು: ಯಾರ ಹೊಲಕ್ಕೆ ಹೋಗಿದ್ದೆ, ಯಾರ ಎಮ್ಮೆ ಈಯಿತು, ಶೇಖವ್ವನ ಅತ್ತೆ ಏನಂದಳು. ನಾನು ಸುಳ್ಳು ಹೇಳುವುದಿಲ್ಲ. ನಾನೂ ಆ ಚುಕ್ಕೆಯನ್ನು ನೋಡಿ ಒಳಗೊಳಗೇ, ಗೌತಮಿ, ನಾನು ಬಂದೇನಿ, ಅಂದೆ.

ಆಮೇಲೆ ಒಂದೊಂದು ಸಲ ಬಂದಾಗಲೂ ಲೈಟು ಹಿಂದಿನ ಸಲಕ್ಕಿಂತ ಬೇಗ ಹೋಗುತ್ತಿತ್ತು. ಚಳಿ ಏರಿದ ಹಾಗೆ ನಿನಗೆ ಅವಸರ ಹೆಚ್ಚಾದಂತೆ. ಚಿಗವ್ವ ಸೊರಗುತ್ತಿದ್ದಳು, ಆದರೆ ಮುಖದಲ್ಲಿ ಒಂದು ಬಗೆಯ ಹಿಗ್ಗು. ಸಂಜೆ ಕರೆಂಟು ಬಂದರೂ ದೊಡ್ಡ ಬಲ್ಬು ಆರಿಸಿಬಿಡುತ್ತಿದ್ದಳು. ಅದಿದ್ದರೆ ನೀನು ಬರುವುದಿಲ್ಲವಂತೆ. ಒಂದು ಸಂಜೆ ಕತ್ತಲೆಯಲ್ಲಿ ಒಲೆಯ ಕಟ್ಟೆಗೆ ಎಡವಿ ಬಿದ್ದು ಹಣೆ ಒಡೆದುಕೊಂಡಳು. ರಕ್ತ ಒರೆಸುತ್ತಿದ್ದ ನನಗೆ, “ಕೂಲಿ ಬ್ಯಾಡ, ಕೌದಿ ಬ್ಯಾಡ. ಇನ್ನಾ ಲಗೂ ಬರ್ತಾ ಬರ್ತಾ ಒಂದಿನ ಅಕಿ ಕತ್ತಲಾಗೂಕಿಂತ ಮದಲ ಬರ್ತಾಳ. ಅವತ್ತ ನಾನೂ ಅಕಿ ಕೂಡ ಹೊಂಟಬಿಡ್ತೇನಿ,” ಅಂದಳು. ನಾನು ಬಟ್ಟೆಯನ್ನು ಅವಳ ಹಣೆಗೆ ಬಿಗಿಯಾಗಿ ಕಟ್ಟಿದೆ.

ಶೇಖವ್ವ ಓಣಿ ತುಂಬ ಸುದ್ದಿ ಬಿತ್ತಿದ್ದಳು. “ಹುಡಿಗಿ ಜೀವಾ ಪ್ಲೇಟಿನ್ಯಾಗ ಸೇರೇತಿ. ಕಿತ್ತ ಹಳ್ಳಕ್ಕ ಒಗೀರಿ, ಇಲ್ಲಾಂದ್ರ ಅವ್ವನ್ನೂ ಒಯ್ತಾಳ.” ಕೆಲವರು ಸಂಜೆಯಾದರೆ ನಿಮ್ಮ ಮನೆಯ ಮುಂದೆ ಹಾಯದೆ ಸುತ್ತು ಬಳಸಿ ಹೋಗತೊಡಗಿದ್ದರು. ನೀನು ಯಾರನ್ನಾದರೂ ಹೆದರಿಸುವವಳೇ? ನಾಯಿಮರಿಗೂ ನೀನೇ ಹೆದರುತ್ತಿದ್ದೆ.

ಆಗ ನನಗೆ ನಮ್ಮ ಅರ್ಧ ಕುರ್ಚಿ ನೆನಪಾಯಿತು. ನೀನು ಮುಗಿಸಿದ್ದ, ನಾನು ಓದದ ಪಾಠಗಳು ಇನ್ನೂ ಅಲ್ಲೇ ಇರಬೇಕಲ್ಲ. ರೋಣಕ್ಕೆ ಹೋದೆ. ಅಂದಾನೆಪ್ಪ ನನ್ನನ್ನು ನೋಡಿ ಎದ್ದು ನಿಂತ. ಚಪ್ಪಲಿ ಬಿಡಲೂ ಹೇಳಲಿಲ್ಲ. ಮೂಲೆಯ ಮಷಿನ್ನು ತೋರಿಸಿ, ಇನ್ನೊಂದು ಕುರ್ಚಿ ತಂದಿಟ್ಟ. ಅದು ಖಾಲಿಯೇ ಇತ್ತು. ಪಾಠದ ಪುಟ ತೆರೆದೆ. ಆ ಮಷಿನ್ನು ನಿನ್ನ ಹೆಸರನ್ನು ಇನ್ನೂ ಇಟ್ಟುಕೊಂಡಿತ್ತು. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಅಕ್ಷರಗಳು ಮೂಡಿದವು: ಗೌತಮಿ, ನೀನು ಮರಳಿ ಬಂದದ್ದು ಸಂತೋಷ. ಬಿಟ್ಟಲ್ಲಿಂದ ಮುಂದುವರಿಯೋಣವೇ?

ನಾನು ಬಹಳ ಹೊತ್ತು ಏನನ್ನೂ ಒತ್ತಲಿಲ್ಲ. ಅಂಗಡಿಯಲ್ಲಿ ಯಾರೋ ಹುಡುಗರು ನಗುತ್ತಿದ್ದರು. ಊದಿನಕಡ್ಡಿಯ ವಾಸನೆ. ಇಡೀ ಲೋಕದಲ್ಲಿ ನೀನು ಸತ್ತ ಸುದ್ದಿ ಮುಟ್ಟದ ಜಾಗ ಅದೊಂದೇ ಇರಬೇಕು.

ಹಲವು ಸಲ ಹೋಗಿ ಓದಿದೆ. ಮೊದಲು ಧೂಳು ಅಂದುಕೊಂಡೆ; ಮಾಳಿಗೆ ಹತ್ತಿ ಪ್ಲೇಟು ಒರೆಸಿದೆ. ಬ್ಯಾಟರಿಗೆ ನೀರು ಕಡಿಮೆಯೇನೋ ಅಂದುಕೊಂಡೆ, ಅದೂ ಸರಿಯಿತ್ತು. ಕೊನೆಗೆ ದಿಕ್ಕಿನ ಪಾಠ ಸಿಕ್ಕಿತು. ಸೂರ್ಯ ವರ್ಷವೆಲ್ಲ ಒಂದೇ ದಾರಿಯಲ್ಲಿ ನಡೆಯುವುದಿಲ್ಲ. ಬೇಸಿಗೆಯಲ್ಲಿ ನಮ್ಮ ನೆತ್ತಿ ದಾಟಿ ಒಂಚೂರು ಉತ್ತರಕ್ಕೂ ಹೋಗುತ್ತಾನೆ. ಚಳಿಗಾಲದಲ್ಲಿ ದಕ್ಷಿಣದ ಕಡೆ ಬಾಗಿ ನಡೆಯುತ್ತಾನೆ. ಅದಕ್ಕೇ ನಮ್ಮ ಸೀಮೆಯಲ್ಲಿ ಪ್ಲೇಟಿನ ಮುಖ ದಕ್ಷಿಣಕ್ಕಿರಬೇಕು. ನಿಮ್ಮ ಪ್ಲೇಟು ಉತ್ತರಕ್ಕಿತ್ತು. ಬೇಸಿಗೆಯಲ್ಲಿ ನಡೆಯಿತು, ಚಳಿ ಬಂದ ಮೇಲೆ ಸೂರ್ಯನಿಗೆ ಬೆನ್ನು ಕೊಟ್ಟು ಕುಳಿತಂತಾಯಿತು. ಹಗೇವು ತುಂಬುತ್ತಿರಲಿಲ್ಲ. ತಳ ಕಂಡ ಕೂಡಲೇ ನಿನ್ನ ಆ ಡಬ್ಬಿ ಅತ್ತೆ ಬಾಗಿಲು ಹಾಕುತ್ತಿದ್ದಳು. ಟಕ್.

ಕುರ್ಚಿಯಲ್ಲಿ ಕುಳಿತಲ್ಲೇ ಅತ್ತುಬಿಟ್ಟೆ. ಗುಟ್ಟು ಸಿಕ್ಕಿತೆಂದು ಅಲ್ಲ. ಬರುತ್ತಿದ್ದವಳು ನೀನಲ್ಲ ಎಂದು ಗೊತ್ತಾಯಿತಲ್ಲ, ಅದಕ್ಕೆ.

ಆದರೂ ಒಂದು ಮುಳ್ಳು ಉಳಿಯಿತು. ದಿಕ್ಕಿನ ಪ್ರಶ್ನೆಗೆ ಸರಿಯಾಗಿ ಉತ್ತರಿಸದೆ ನೀನು ಮುಂದಿನ ಪಾಠಕ್ಕೆ ಹೋಗಿರಲು ಸಾಧ್ಯವಿಲ್ಲ. ಗೊತ್ತಿದ್ದೂ ಉತ್ತರಕ್ಕೆ ಯಾಕೆ ಇಟ್ಟೆ? ಅಬ್ಬಾನನ್ನು ಕೇಳಿದೆ. ಅವರು ಕೈಯಲ್ಲಿದ್ದ ಸುತ್ತಿಗೆ ಕೆಳಗಿಟ್ಟರು.

“ನಾ ದಕ್ಷಿಣಕ್ಕ ಹೊಂದಿಸಿದ್ನೆವಾ. ಉಡಚವ್ವ ತಂಗಿ ನಿಚ್ಚಣಿಕಿ ಬುಡಕ ನಿಂತ ಬಾಯಿ ಮಾಡಿದ್ಲು. ದಕ್ಷಿಣಕ್ಕ ಮುಖಾ ಮಾಡಿ ದೀಪಾ ಹಚ್ಚೂದು ಸತ್ತವರಿಗೆ, ಬಾಳುವ ಮನ್ಯಾಗ ಯಾರರೆ ಇಡ್ತಾರನು, ಒಬ್ಬಾಕಿ ಮಗಳದಾಳ ನನಗ, ಅಂದ್ಲು. ಗೌತಮಿ ಏನ ಕಮ್ಮಿ? ಯಮನ ಮನ್ಯಾಗ ಕರೆಂಟ ಇಲ್ಲೇನ ಬೇ, ನಮ್ಮ ಲೈಟ ನೋಡಿ ಬರಾಕ, ಅಂದ್ಲು. ಅಕಿ ನಕ್ಕಳು, ಅವ್ವ ಅತ್ತಳು. ಕಡೀಕ ಹುಡಿಗಿನ ಸೋತ್ಲು. ಉತ್ತರಕ್ಕ ತಿರಗಸ್ರಿ ಕಾಕಾ ಅಂದ್ಲು.”

ಸುತ್ತಿಗೆಯನ್ನು ಮತ್ತೆ ಕೈಗೆತ್ತಿಕೊಂಡು ಹೇಳಿದರು. “ಅವ್ವ ಒಳಗ ಹೋದ ಮ್ಯಾಲ ನನಗ ಮೆಲ್ಲಕ ಅಂದ್ಲು. ಸ್ಟ್ಯಾಂಡಿನ ನಡಕ ಒಂದ ಬೋಲ್ಟ ಹಾಕ್ರಿ, ತಿರಗೂ ಹಂಗ ಇರ್ಲಿ. ಬ್ಯಾಸಗಿಯಾಗ ಹಿಂಗ ನಡೀತೈತಿ. ಚಳಿಗಾಲದಾಗ ಬೆಳಕ ಕಮ್ಮಿ ಆದ ಮ್ಯಾಲ ನಮ್ಮವ್ವ ತಾನ ಕೇಳ್ತಾಳ. ಅವಾಗ ದಕ್ಷಿಣಕ್ಕ ಹೊಳ್ಳಸ್ತೇನಿ.”

ಚಳಿಗಾಲ ಬಂದಿತ್ತು. ಬೆಳಕು ಕಡಿಮೆಯೂ ಆಗಿತ್ತು. ಹೊಳ್ಳಿಸುವವಳು ಮಾತ್ರ ಇರಲಿಲ್ಲ.

ಹೇಳುವುದೋ ಬೇಡವೋ ಎಂದು ನಾನು ಎಷ್ಟು ತೊಳಲಾಡಿದೆ ಗೊತ್ತೇ? ಹೇಳಿದರೆ ನಿನ್ನನ್ನು ಎರಡನೆಯ ಸಲ ಆ ಮನೆಯಿಂದ ಹೊರಗೆ ಕಳಿಸಿದಂತೆ. ಹೇಳದಿದ್ದರೆ, ದಿನದಿಂದ ದಿನಕ್ಕೆ ಮುಂದೆ ಸರಿಯುತ್ತಿದ್ದ ಆ ಕತ್ತಲೆಗೆ ಚಿಗವ್ವನನ್ನು ಒಪ್ಪಿಸಿದಂತೆ. ಎಳ್ಳ ಅಮಾವಾಸ್ಯೆಗೆ ಎಲ್ಲರೂ ಹೊಲಕ್ಕೆ, ಭೂಮಿತಾಯಿಗೆ ಎಡೆ ಎರಚುವ ಚರಗ ಚೆಲ್ಲಲು ಹೋದರು. ಅವಳು ಹೋಗಲಿಲ್ಲ. ಆ ದಿನ ಅವಳ ಬಾಗಿಲು ಹಾಕಿದ್ದನ್ನು ನೋಡಿ ನಾನು ಗಟ್ಟಿಯಾದೆ.

ನಿನ್ನೆ ಮಧ್ಯಾಹ್ನ ಅವಳ ಪಕ್ಕ ಕುಳಿತೆ. ಬೆಳಕಿಂಡಿಯಿಂದ ಇಳಿದ ಬಿಸಿಲು ನೆಲದ ಮೇಲೆ ರೊಟ್ಟಿಯಂತೆ ಬಿದ್ದಿತ್ತು. ಲಾಲಬಿ ಅಜ್ಜಿಯ ಹಾಗೆ ಬಳಸಿಕೊಂಡು ಹೋದೆ. “ಚಿಗವ್ವಾ, ಬ್ಯಾಸಗಿಯೊಳಗ ಈ ಬಿಸಲ ಎಲ್ಲಿ ಬೀಳತಿತ್ತು?” ಅಂದೆ. “ಬೆಳಕಿಂಡಿ ಬುಡಕ, ನಟ್ಟನಡುವ,” ಅಂದಳು. “ಈಗ?” “ಈಗ ಒಲಿ ಕಡೆ ಸರದೈತಿ. ಪ್ರತಿ ಚಳಿಗಾಲ ಬರ್ತೈತಿ, ಕಾಲ ಕಾಸ್ಕೊಂಡ ಹೋಗಾಕ.” ನಿಮ್ಮ ಒಲೆ ಉತ್ತರದ ಗೋಡೆಗೆ. ಬಿಸಿಲು ಉತ್ತರಕ್ಕೆ ಬಿದ್ದರೆ ಸೂರ್ಯ ಯಾವ ಕಡೆ ಇರಬೇಕು, ಅಂದೆ. ಅವಳು ಮೇಲೆ ನೋಡಿದಳು. ಕೆಳಗೆ ನೋಡಿದಳು. ನಾನು ಉಳಿದದ್ದನ್ನೂ ಹೇಳಿದೆ: ಹಗೇವು, ಅತ್ತೆ, ತಳ ಕಂಡಾಗ ಹಾಕುವ ಬಾಗಿಲು. ನೀನು ಬೋಲ್ಟು ಹಾಕಿಸಿದ್ದನ್ನು ಕೊನೆಗೆ ಹೇಳಿದೆ.

ಬೈಯುತ್ತಾಳೆ, ಎದ್ದು ಹೋಗು ಅನ್ನುತ್ತಾಳೆ ಅಂದುಕೊಂಡಿದ್ದೆ. ಚಿಗವ್ವ ಅಂಗೈಯನ್ನು ಆ ಬಿಸಿಲಿನ ಚೂರಿನೊಳಗೆ ಇಟ್ಟಳು.

“ಯಮನ ದಿಕ್ಕಂತ ಆ ಕಡೆ ಮುಖಾನ ಮಾಡಲಿಲ್ಲ ನೋಡ್ ನಾಜಮೀನಾ. ದೀಪಾನೂ ಇಡಲಿಲ್ಲ, ಅಕಿ ತಲಿ ಕಾಲ ಯಾವ ದಿಕ್ಕಿಗಂತ ನೋಡಿ ಹಾಸಿಗಿ ಹಾಸಿದೆ. ಆದ್ರೂ ಬಂದು ಕರ್ಕೊಂಡ ಹೋದ,” ಅಂದಳು. ಬಿಸಿಲಿನಲ್ಲಿ ಅಂಗೈ ಮಗುಚಿ, “ಹೊಳ್ಳಸು. ಇನ್ನ ಹೊಳ್ಳಸಾಕ ಏನೂ ಅಡ್ಡಿ ಇಲ್ಲ. ಆ ಕಡೆ ಈಗ ನಮ್ಮಾಕಿ ಅದಾಳ. ಕತ್ತಲಾಗ ಯಾಕ ಇರಬೇಕ ಅಕಿ,” ಅಂದಳು.

ಅಬ್ಬಾ ಪಾನಾ ಹಿಡಿದು ಬಂದರು. ಒಂದು ಮಳೆಗಾಲ ಕಳೆದಿದೆ, ಬೋಲ್ಟು ತುಕ್ಕು ಹಿಡಿದು ಕಚ್ಚಿರುತ್ತದೆ ಎಂದು ಸೀಮೆಎಣ್ಣೆಯ ಬಾಟಲಿಯನ್ನೂ ತಂದಿದ್ದರು. ಬೇಕಾಗಲಿಲ್ಲ. ಬೋಲ್ಟಿಗೆ ಒಂದು ಚಿಂದಿ ಬಿಗಿಯಾಗಿ ಸುತ್ತಿತ್ತು. ನಿನ್ನ ನೀಲಿ ಲಂಗದ ಚಿಂದಿ. ಬಿಚ್ಚಿದರೆ ಒಳಗೆ ಗ್ರೀಸು, ಹಸಿಯಾಗಿ, ಇವತ್ತು ಹಚ್ಚಿದಂತೆ. ಅಬ್ಬಾ ಒಂದು ಬೆರಳಿನಿಂದ ಒತ್ತಿದರು. ಪ್ಲೇಟು ಸದ್ದಿಲ್ಲದೆ ತಿರುಗಿತು. ಕರೆದರೆ ತಿರುಗಿ ನೋಡುವ ಮುಖದ ಹಾಗೆ. ನಾನು, ಅಬ್ಬಾ ಇಬ್ಬರೂ ಆ ಕಡೆ ಈ ಕಡೆ ನೋಡಿದೆವು. ಮಾಳಿಗೆಯ ಮೇಲೆ ನಮ್ಮ ಜೊತೆ ಇನ್ನೊಬ್ಬರು ಇದ್ದಾರೆಂದು ಆ ಗಳಿಗೆಯಲ್ಲಿ ನನಗೆ ಅನ್ನಿಸಿದ್ದು ಖರೆ. ಯಾವ ಪಾಠವೂ ಅದನ್ನು ನನ್ನಿಂದ ಕಸಿಯಲಾರದು.

ಮಧ್ಯಾಹ್ನದ ಉಳಿದ ಬಿಸಿಲೆಲ್ಲ ಪ್ಲೇಟಿನ ಎದೆಗೆ ಬಿತ್ತು. ಸಂಜೆ ಚಿಗವ್ವ ಲೈಟು ಹಚ್ಚಿದಳು. ಎರಡು ತಾಟು ಬಡಿಸಿದಳು. ಒಂದನ್ನು ನನ್ನ ಮುಂದಿಟ್ಟಳು. ಉಂಡೆವು, ಬೆಳಕಿನಲ್ಲೇ. ದಿನಾ ಟಕ್ ಅನ್ನುವ ಹೊತ್ತು ಹತ್ತಿರ ಬಂದಾಗ ಇಬ್ಬರೂ ಮಾತು ನಿಲ್ಲಿಸಿದೆವು. ಅವಳು ಡಬ್ಬಿಯನ್ನೇ ನೋಡುತ್ತಿದ್ದಳು. ಆ ಹೊತ್ತು ಬಂತು, ದಾಟಿತು. ಬೆಳಕು ಅಲುಗಲಿಲ್ಲ.

“ಬರಲಿಲ್ಲ,” ಅಂದಳು.

ನಾನೇನು ಮಾಡಿಬಿಟ್ಟೆ ಅಂದುಕೊಂಡೆ. ಆದರೆ ಅವಳು ಎದ್ದು ಮೂಲೆಯ ಕೌದಿ ಎಳೆದುಕೊಂಡಳು. ತುಕ್ಕು ಹಿಡಿದ ಸೂಜಿ ಎಸೆದು ಹೊಸದು ತೆಗೆದಳು. ಆ ನೀಲಿ ಚಿಂದಿಯನ್ನು ನನ್ನ ಕೈಯಿಂದ ಇಸಿದುಕೊಂಡು, ಗ್ರೀಸಿನ ಕಲೆ ಮೇಲೆ ಬರುವ ಹಾಗೆ ಇಟ್ಟು, ಸುತ್ತಲೂ ಹೊಲಿಗೆ ಹಾಕತೊಡಗಿದಳು. ಹೊಲಿದಳು, ಹೊಲಿದಳು. ಕೊನೆಗೆ ಸೂಜಿ ಚುಚ್ಚಿಟ್ಟು, ಗೋಡೆ ಹಿಡಿದು ಎದ್ದು, ಸ್ವಿಚ್ಚಿನ ಮೇಲೆ ಕೈಯಿಟ್ಟಳು. ತನಗೆ ತಾನೇ, ನಿನ್ನದೇ ದನಿಯಲ್ಲಿ ಅಂದಳು: “ಸಾಕ ಬೇ ಯವ್ವಾ, ಕಣ್ಣ ಹೋದಾವು. ಮಲ್ಕೋ.”

ಟಕ್.

ಕತ್ತಲೆಯಲ್ಲಿ ಡಬ್ಬಿಯ ಚುಕ್ಕೆ ಈಗ ಹಸಿರಾಗಿತ್ತು. ಕೆಂಪು ಚುಕ್ಕೆಯ ಆ ಹಣೆಯನ್ನು ನಾನು ಎಷ್ಟು ಹುಡುಕಿದೆನೋ ನನಗೇ ಗೊತ್ತು.

ಗೌತಮಿ, ರೊಟ್ಟಿಯ ಸದ್ದು ನಿಂತಿದೆ. ಚಿಗವ್ವ ಕೆಳಗಿನಿಂದ ಕೂಗುತ್ತಿದ್ದಾಳೆ. ಈ ಪತ್ರವನ್ನು ಮಡಚಿ ಪ್ಲೇಟಿನ ಕೆಳಗೆ, ಬೋಲ್ಟಿನ ಪಕ್ಕ ಸಿಕ್ಕಿಸುತ್ತೇನೆ. ಅಂದಾನೆಪ್ಪನ ಮೂಲೆಯ ಮಷಿನ್ನಿನಲ್ಲಿ ನೀನು ಮುಗಿಸದೆ ಹೋದ ಕೊನೆಯ ಪಾಠ ಒಂದು ಉಳಿದಿದೆ. ಅದನ್ನು ನಾನು ತೆರೆದಿಲ್ಲ, ತೆರೆಯುವುದೂ ಇಲ್ಲ. ನಿನ್ನ ದಾರಿ ಕಾಯುವ ಜಾಗ ಎಲ್ಲಾದರೂ ಒಂದು ಇರಲಿ.

ನೀನಿರುವ ದಿಕ್ಕಿಗೆ ನಮ್ಮ ಸವಡಿಯ ಬಿಸಿಲು ಮುಟ್ಟಲಿ. ನನ್ನ ದುವಾ, ನಿಮ್ಮವ್ವನ ದೀಪ, ಎರಡೂ ಈಗ ನಿನ್ನ ಕಡೆಗೇ ಮುಖ ಮಾಡಿವೆ. ತಣ್ಣಗಿರು ಗೆಳತಿ.

ಅರ್ಧ ಕುರ್ಚಿಯ ನಿನ್ನ ಪಾಲುದಾರಳು,
ನಾಜೂ